ಪದ ಬೇಕು: ‘ರೇಸ್ ವಾಕಿಂಗ್’ಗೆ ಕನ್ನಡದಲ್ಲಿ ಏನು? (ಶುಕ್ರವಾರದೊಳಗೆ)

ಎಂ.ಕೆ., ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮಕ್ಕಳ ಪತ್ರಿಕೆಯೊಂದಕ್ಕೆ ಇಟಲಿಯ ಮೌರಿಟ್ಸಿಯೊ ಡಮಿಲಾನೊ ಬಗ್ಗೆ ಎರಡು ಪುಟ ಬರೆದು ಕೊಡಬೇಕಿದೆ. ಶುಕ್ರವಾರ ಸಂಜೆಯೊಳಗೆ ಕಳಿಸಬೇಕು. ಬರಹ ಮುಗಿದಿದೆ, ಆದರೆ ಮುಖ್ಯ ಪದವೇ ಸಿಕ್ಕಿಲ್ಲ.

ಆತ 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ 20 ಕಿ.ಮೀ. ರೇಸ್ ವಾಕಿಂಗ್ (ಓಡದೆ, ನಡೆದೇ ಗೆಲ್ಲಬೇಕಾದ ಆಟ) ಗೆದ್ದವರು. 1984ರ ಲಾಸ್ ಏಂಜಲಿಸ್ ಮತ್ತು 1988ರ ಸೋಲ್ ಒಲಿಂಪಿಕ್ಸ್, ಎರಡರಲ್ಲೂ ಕಂಚು. 1987ರಲ್ಲಿ ರೋಮ್‌ನಲ್ಲಿ, 1991ರಲ್ಲಿ ಟೋಕಿಯೊದಲ್ಲಿ ವಿಶ್ವ ಚಾಂಪಿಯನ್. 1992ರ ಬಾರ್ಸಿಲೋನಾದಲ್ಲಿ ನಾಲ್ಕನೆಯವರಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಊರ ಹತ್ತಿರದ ಕೂನೆಯೊದಲ್ಲಿ 30 ಕಿ.ಮೀ.ಗೆ ವಿಶ್ವ ದಾಖಲೆ ಮಾಡಿದರು, 2 ಗಂಟೆ 1 ನಿಮಿಷ 44.1 ಸೆಕೆಂಡು. ಅದೂ ಟ್ರ್ಯಾಕ್ ಮೇಲೆ. 400 ಮೀಟರಿನ ಟ್ರ್ಯಾಕ್ ಅಂದರೆ 75 ಸುತ್ತು ಆಯಿತು, ಯೋಚನೆ ಮಾಡಿ.

ಈಗ ನನ್ನ ಕಷ್ಟ ಹೇಳುತ್ತೇನೆ. ಪತ್ರಿಕೆಗಳಲ್ಲಿ ‘ನಡಿಗೆ ಓಟ’, ‘ವೇಗದ ನಡಿಗೆ’, ‘ನಡಿಗೆ ಸ್ಪರ್ಧೆ’ ಎಲ್ಲಾ ನೋಡಿದ್ದೇನೆ. ಯಾವುದು ಸರಿ? ಜೊತೆಗೆ ಇನ್ನೂ ಮೂರು ಪದ ಬೇಕು: ‘ಲಿಫ್ಟಿಂಗ್’ (ಎರಡೂ ಕಾಲು ಒಟ್ಟಿಗೆ ನೆಲದಿಂದ ಮೇಲೆ ಬರೋದು), ‘ಬೆಂಟ್ ನೀ’ (ಮಂಡಿ ನೆಟ್ಟಗೆ ಇಲ್ಲದಿರೋದು), ‘ಡಿಸ್‌ಕ್ವಾಲಿಫೈ’ (ಆಟದಿಂದ ಹೊರಗೆ ಕಳಿಸೋದು). ಮಾಸ್ಕೋ ಕಥೆ ಈ ಪದಗಳಿಲ್ಲದೆ ಹೇಳೋಕೇ ಆಗಲ್ಲ. ಕೊನೆಯ ಹಂತದಲ್ಲಿ ಮುಂದಿದ್ದವರು ಮೆಕ್ಸಿಕೊದ ಬಾಟಿಸ್ಟಾ ಮತ್ತು ಸೋವಿಯತ್‌ನ ಸೊಲೊಮಿನ್. ಮೊದಲು ಬಾಟಿಸ್ಟಾರನ್ನು, ಆಮೇಲೆ ಸೊಲೊಮಿನ್‌ರನ್ನು ಜಡ್ಜ್‌ಗಳು ಹೊರಗೆ ಕಳಿಸಿದರು. ಹಿಂದೆ ಬರುತ್ತಿದ್ದ ಡಮಿಲಾನೊ ಸ್ಟೇಡಿಯಂ ಒಳಗೆ ಬರುವಾಗ ಮೊದಲಿಗರಾಗಿದ್ದರು. ಹತ್ತು ವರ್ಷದ ಮಗು ಇದನ್ನು ಓದಿದರೆ ‘ಮುಂದಿದ್ದವರು ಏನು ತಪ್ಪು ಮಾಡಿದರು?’ ಅಂತ ಮೊದಲು ಕೇಳುತ್ತದೆ, ಅಲ್ವಾ? ಅದಕ್ಕೆ ಉತ್ತರ ಕೊಡುವ ಪದ ಬೇಕು.

———

ಶಂ.ನಾ., ಮೈಸೂರು

ಮೊದಲು ಒಂದು ತಿದ್ದುಪಡಿ. ಇಟಲಿ ಭಾಷೆಯ ದಕಾರ ನಮ್ಮ ‘ದ’ದ ಹಾಗೇ ಹಲ್ಲಿಗೆ ತಾಗುತ್ತದೆ. ಇಂಗ್ಲಿಷಿನ ಮೂಲಕ ಬಂದಿದ್ದಕ್ಕೆ ‘ಡ’ ಆಗಿದೆ ಅಷ್ಟೆ. ‘ದಮಿಲಾನೊ’ ಅಂತ ಬರೆಯಿರಿ.

‘ನಡಿಗೆ ಓಟ’ ಬೇಡವೇ ಬೇಡ. ‘ಓಟ’ ಅನ್ನುವುದು ‘ಓಡು’ವಿನಿಂದ ಬಂದದ್ದು. ಆಡು–ಆಟ, ಕೂಡು–ಕೂಟ, ನೋಡು–ನೋಟ, ಓಡು–ಓಟ. ಈ ಆಟದಲ್ಲಿ ಓಡುವುದೇ ಅಪರಾಧ. ಅದರ ಹೆಸರಿನಲ್ಲೇ ಓಟ ಇಟ್ಟರೆ ಹೇಗೆ? ‘ರೇಸ್’ ಅಂದರೆ ಓಟ ಅಂತ ತಿಳಿದವರು ಮಾಡಿದ ಪದ ಅದು. ‘ರೇಸ್’ ಅಂದರೆ ಪಂದ್ಯ. ಎತ್ತಿನಗಾಡಿ ರೇಸಿಗೆ ನಾವು ‘ಗಾಡಿ ಓಟ’ ಅನ್ನುತ್ತೇವೆ, ಅಲ್ಲಿ ಎತ್ತು ನಿಜವಾಗಿ ಓಡುತ್ತದೆ, ಅದು ಸರಿ. ಇಲ್ಲಿ ‘ನಡಿಗೆ ಪಂದ್ಯ’. ಮುಗಿಯಿತು.

———

ಎಚ್.ಜಿ., ಬೆಂಗಳೂರು

‘ನಡಿಗೆ ಪಂದ್ಯ’ ಸಪ್ಪೆ. ಎರಡು ಪದ ಯಾಕೆ, ಒಂದೇ ಪದ ಸಾಕು: ಬಿರುನಡೆ. ಬಿರುಗಾಳಿ, ಬಿರುಮಳೆ, ಬಿರುಬಿಸಿಲು ಇರುವ ಹಾಗೆ. ಜನ ‘ಬಿರಬಿರನೆ ನಡೆದುಕೊಂಡು ಹೋದ’ ಅಂತ ಇವತ್ತಿಗೂ ಹೇಳುತ್ತಾರೆ. ಈ ‘ಬಿರ’ ತಮಿಳಿನ ‘ವಿರೈ’ (ಬೇಗ ಹೋಗು) ಪದದ ನಂಟ. ತಮಿಳಿನ ವಕಾರಕ್ಕೆ ನಮ್ಮಲ್ಲಿ ಬಕಾರ: ವಿಡು–ಬಿಡು, ವಾ–ಬಾ. ಅಚ್ಚ ಕನ್ನಡದ ಬೇರು ಎದುರಿಗಿದೆ. ‘ಸ್ಪರ್ಧೆ’ಯಂತೂ ಮಕ್ಕಳ ಬಾಯಲ್ಲಿ ‘ಸ್ಪರ್ದೆ’, ‘ಸರ್ದೆ’ ಆಗುತ್ತದೆ. ಅದನ್ನು ಯಾಕೆ ತುರುಕಬೇಕು?

ಉಳಿದವು ಹೀಗೆ: ಲಿಫ್ಟಿಂಗ್ = ನೆಲಬಿಡಿಕೆ. ಬೆಂಟ್ ನೀ = ಮಂಡಿಬಾಗು. ಡಿಸ್‌ಕ್ವಾಲಿಫೈ = ಹೊರಗಿಡು. ಆಡುವವನು = ಬಿರುನಡೆಯ.

———

ಶಂ.ನಾ., ಮೈಸೂರು

‘ವಿಡು–ಬಿಡು’ ಸರಿ, ಅದು ಎಲ್ಲರಿಗೂ ಗೊತ್ತು. ಆದರೆ ಬಿರುಗಾಳಿಯ ‘ಬಿರು’ ಬೇಗ ಅನ್ನುವುದಲ್ಲ, ಕಟುವಾದ, ಗಡುಸಾದ ಅನ್ನುವುದು. ಬಿರುಬಿಸಿಲು ಬೇಗ ಹೋಗುವ ಬಿಸಿಲಾ? ಬಿರುನುಡಿ ಅಂದರೆ ಬೇಗ ಆಡಿದ ಮಾತಾ? ಕೇಳಲು ಹತ್ತಿರ ಇರುವ ಎರಡು ಪದಗಳನ್ನು ಒಂದಕ್ಕೊಂದು ಗಂಟು ಹಾಕಿದ್ದೀರಿ. ‘ಬಿರುನಡೆ’ ಅಂದರೆ ನನಗೆ ಒರಟು ನಡತೆ ಅಂತ ಕೇಳಿಸುತ್ತದೆ. ‘ನಡೆ’ಗೆ ನಡತೆ ಅನ್ನುವ ಅರ್ಥವೂ ಇದೆ, ‘ನಡೆನುಡಿ’ ನೆನಪಿರಲಿ.

———

ಪಿ.ಆರ್., ಹಾಸನ

ನಾನು ಪಿ.ಟಿ. ಮೇಷ್ಟ್ರು. ಈ ಚರ್ಚೆಯಲ್ಲಿ ಯಾರಾದರೂ ಟ್ರ್ಯಾಕ್ ಪಕ್ಕ ನಿಂತು ಈ ಆಟ ನೋಡಿದ್ದೀರಾ?

ನಮ್ಮ ಹುಡುಗರು ‘ವಾಕ್’ ಅಂತಾರೆ, ಅಷ್ಟೇ. ‘ಅವನು ಟ್ವೆಂಟಿ ವಾಕ್ ಮಾಡ್ತಾನೆ’, ‘ನಂಗೆ ಲಿಫ್ಟಿಂಗ್ ಕೊಟ್ರು ಸಾರ್’, ‘ಬೆಂಟ್ ನೀ ಬಂತು’, ‘ಡಿಕ್ಯೂ (ಡಿಸ್‌ಕ್ವಾಲಿಫೈ) ಆಯ್ತು’. ಬರೆಯುವಾಗ ಕನ್ನಡ ಪದ ಮಾಡಿ, ಬೇಡ ಅನ್ನಲ್ಲ. ಆದರೆ ಆಟ ಏನು ಅಂತ ತಿಳಿದು ಮಾಡಿ.

ಒಂದು ಸಲ ನಮ್ಮ ಕಡೆಯ ಶಾಲಾ ಕೂಟದಲ್ಲಿ ತಿರುವಿನ ಹತ್ತಿರ ನನ್ನನ್ನು ನಿಲ್ಲಿಸಿದ್ದರು. ಕೂತು, ಕಣ್ಣನ್ನು ಮಕ್ಕಳ ಮಂಡಿಯ ಮಟ್ಟಕ್ಕೆ ತಂದುಕೊಂಡು ನೋಡಿದೆ. ಮುಂದಿನ ಕಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತದೆ, ಬೆರಳುಗಳು ಮೇಲಕ್ಕೆ ನಿಂತಿರುತ್ತವೆ. ಆ ಹೊತ್ತಿಗೆ ಹಿಂದಿನ ಕಾಲಿನ ಹೆಬ್ಬೆರಳು ಇನ್ನೂ ನೆಲ ಒತ್ತುತ್ತಿರುತ್ತದೆ. ಸೊಂಟ ಮುಂದಕ್ಕೆ ಹಿಂದಕ್ಕೆ ತಿರುಗುತ್ತಾ ಹೆಜ್ಜೆಯನ್ನು ಉದ್ದ ಮಾಡುತ್ತದೆ. ಒಬ್ಬಳು ಹುಡುಗಿ ಬಂದಳು. ಬರಿಗಾಲು, ಹಿಮ್ಮಡಿಯಲ್ಲಿ ಕೆಂಪು ಮಣ್ಣು ಮೆತ್ತಿತ್ತು. ಮಂಡಿ ಒಂದು ಸಲವೂ ಸಡಿಲ ಆಗಲಿಲ್ಲ. ಅವಳ ಹಿಂದೆ ಬಂದ ನಾಲ್ಕು ಜನ ಸುಮ್ನೆ ಕುಕ್ಕುಲೋಟ ಓಡುತ್ತಿದ್ದರು. ಯಾವ ಪದ ಮಾಡಿದರೂ ಆ ಹುಡುಗಿಗೂ ಆ ನಾಲ್ವರಿಗೂ ಇರುವ ವ್ಯತ್ಯಾಸ ಅದರಲ್ಲಿ ಬರಬೇಕು.

ಇನ್ನು ಎಂ.ಕೆ. ಮೇಡಂ, ಒಂದು ಎಚ್ಚರ. ಈಗಿನ ನಿಯಮ ಹೀಗಿದೆ: ಮುಂದಿನ ಕಾಲು ನೆಲ ತಾಗಿದ ಕ್ಷಣದಿಂದ ಮೈ ಅದರ ಮೇಲೆ ನೇರ ಬರುವವರೆಗೆ ಮಂಡಿ ನೆಟ್ಟಗಿರಬೇಕು. ಇದು ಬಂದಿದ್ದು 1990ರ ದಶಕದ ಮಧ್ಯದಲ್ಲಿ. ದಮಿಲಾನೊ ಕಾಲದಲ್ಲಿ ಕಾಲು ಮೈಯ ಕೆಳಗೆ ನೇರ ಬರುವಾಗ ಒಂದು ಕ್ಷಣ ನೆಟ್ಟಗಾದರೆ ಸಾಕಿತ್ತು. ಈಗಿನ ನಿಯಮ ಬರೆದು ಅದನ್ನೇ ಮಾಸ್ಕೋಗೆ ಅಂಟಿಸಬೇಡಿ. ನೆಲ ಬಿಡಬಾರದು ಅನ್ನೋದು ಮಾತ್ರ ಆಗಲೂ ಇತ್ತು, ಈಗಲೂ ಇದೆ. ಅದನ್ನು ಜಡ್ಜ್ ಬರಿಗಣ್ಣಲ್ಲಿ ನೋಡಿ ಹೇಳಬೇಕು, ಕ್ಯಾಮೆರಾ ನೋಡಿ ಅಲ್ಲ.

———

ಸ.ಪಾ., ಧಾರವಾಡ

ಪಿ.ಆರ್. ಸರ್ ಹೇಳಿದ್ದು ಸರಿ ಅದ. ಪದ ಕಟ್ಟೋ ಮೊದಲು ಆಟ ನೋಡಬೇಕು.

‘ಮಂಡಿಬಾಗು’ ಬೇಡ. ನಮ್ಮ ಕಡೆ ಮಂಡಿ ಅನ್ನಲ್ಲ, ಮೊಣಕಾಲು ಅಂತೀವಿ. ಅದೇ ಹಳೆಯ ಪದ. ತಮಿಳಲ್ಲಿ ಮುೞಂಗಾಲ್. ಹಳಗನ್ನಡದಲ್ಲಿ ಇದ್ದ ‘ೞ’ ಕಳೆದುಹೋಗಿ ಕೆಲವು ಕಡೆ ಮೊಳಕಾಲು, ಕೆಲವು ಕಡೆ ಮೊಣಕಾಲು ಆಯಿತು. ಮೊಳಕೈ–ಮೊಣಕೈ ಹಾಗೇ. ಹೂವಿನವರು ಅಳೆಯುವ ‘ಮೊಳ’ ಇದೆಯಲ್ಲ, ಅದೂ ಇದೇ ಮನೆಯದು. ಇಷ್ಟು ಗಟ್ಟಿ ಪದ ಇರುವಾಗ ‘ಮಂಡಿ’ ಯಾಕೆ? ಮಂಡಿ ಅಂದರೆ ನಮಗೆ ಈರುಳ್ಳಿ ಮಂಡಿ.

‘ಬಾಗು’ ಕೂಡ ಸರಿ ಹೊಂದಲ್ಲ. ಬಾಗೋದು ಬೆನ್ನು, ಕೊಂಬೆ, ಬಿಲ್ಲು. ಮೊಣಕಾಲು ಮಡಚುತ್ತದೆ. ‘ಮೊಣಕಾಲು ಮಡಚಿದ’ ಅನ್ನಿ.

———

ಎಚ್.ಜಿ., ಬೆಂಗಳೂರು

‘ಮಡಚು’ ಒಪ್ಪಿದೆ. ‘ಮೊಣಕಾಲು’ ಒಪ್ಪಿದೆ.

ಪಿ.ಆರ್. ಅವರೇ, ಹುಡುಗರು ‘ವಾಕ್’ ಅನ್ನುತ್ತಾರೆ ಅಂದರೆ ಅವರಿಗೆ ನಾವು ಪದ ಕೊಟ್ಟಿಲ್ಲ ಅಂತ ಅರ್ಥ. ಇಟಲಿಯವರು ಇದಕ್ಕೆ ‘ಮಾರ್ಚಾ’ ಅನ್ನುತ್ತಾರೆ, ಆಡುವವನು ‘ಮಾರ್ಚಾತೋರೆ’. ಜರ್ಮನ್ನರು ‘ಗೇಯೆನ್’, ಅಂದರೆ ಬರಿ ‘ನಡೆಯೋದು’. ಹಿಂದಿಯವರು ‘ಪೈದಲ್ ಚಾಲ್’ ಮಾಡಿಕೊಂಡಿದ್ದಾರೆ. ಯಾರೂ ‘ರೇಸ್ ವಾಕಿಂಗ್’ ಅಂತ ಕೂತಿಲ್ಲ. ನಾವು ಮಾತ್ರ ಇಂಗ್ಲಿಷನ್ನು ಕನ್ನಡ ಲಿಪಿಯಲ್ಲಿ ಬರೆದು ಅನುವಾದ ಅನ್ನುತ್ತೇವೆ.

———

ಸ.ಪಾ., ಧಾರವಾಡ

ಇಟಲಿಯವರ ‘ಮಾರ್ಚಾ’ ಫ್ರೆಂಚಿನಿಂದ ತಂದ ಸಾಲ. ಅದೇ ಬೇರಿನ ‘ಮಾರ್ಚ್’ ಇಂಗ್ಲಿಷಿನ ಮೂಲಕ ನಮ್ಮಲ್ಲಿಗೂ ಬಂದಿದೆ, ಪೊಲೀಸರು ಮಾಡುತ್ತಾರೆ. ಸಾಲದ ಪದ ಇಟ್ಟುಕೊಂಡೇ ಅವರು ಒಲಿಂಪಿಕ್ಸ್ ಚಿನ್ನ ಗೆದ್ದಿದ್ದಾರೆ. 1920, 1924ರಲ್ಲಿ ಫ್ರಿಜೆರಿಯೊ, 1952ರಲ್ಲಿ ದೊರ್ದೊನಿ, 1964ರಲ್ಲಿ ಪಾಮಿಚ್, 1980ರಲ್ಲಿ ದಮಿಲಾನೊ, 2004ರಲ್ಲಿ ಬ್ರುನ್ಯೆತ್ತಿ, 2008ರಲ್ಲಿ ಶ್ವಾತ್ಸರ್. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ 20 ಕಿ.ಮೀ.ನಲ್ಲಿ ಗಂಡಸರಲ್ಲಿ ಸ್ತಾನೊ, ಹೆಂಗಸರಲ್ಲಿ ಪಾಲ್ಮಿಸಾನೊ, ಎರಡೂ ಚಿನ್ನ ಇಟಲಿಗೆ. ಪದ ಎಲ್ಲಿಂದ ಬಂತು ಅನ್ನೋದಕ್ಕಿಂತ ಅದನ್ನು ದಿನಾ ಬಳಸುವ ಜನ ಇದ್ದಾರಾ ಅನ್ನೋದು ಮುಖ್ಯ.

———

ಎಂ.ಕೆ., ಶಿವಮೊಗ್ಗ

ಎಲ್ಲರಿಗೂ ಥ್ಯಾಂಕ್ಸ್. ‘ದ’ ತಿದ್ದಿಕೊಂಡೆ. ಪಿ.ಆರ್. ಸರ್, ನಿಯಮದ ವಿಷಯ ಹೇಳಿ ದೊಡ್ಡ ತಪ್ಪು ತಪ್ಪಿಸಿದಿರಿ, ನಾನು ಈಗಿನ ನಿಯಮವನ್ನೇ ಬರೆದಿದ್ದೆ.

ಎಚ್.ಜಿ. ಸರ್, ‘ಬಿರುನಡೆ’ ನನಗೂ ಇಷ್ಟ ಆಯಿತು, ನಿಜ. ಆದರೆ ಈ ಬರಹದಲ್ಲಿ ಅದನ್ನು ಬಳಸೋಕೆ ಆಗುತ್ತಿಲ್ಲ. ಡಾಕ್ಟರು ಶುಗರ್ ಇರುವವರಿಗೆ ‘ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ’ ಅನ್ನುತ್ತಾರೆ. ಪಾರ್ಕಿನಲ್ಲಿ ಬೆಳಿಗ್ಗೆ ಅದನ್ನೇ ಎಲ್ಲರೂ ಮಾಡುವುದು. ದಮಿಲಾನೊ ಆಟ ಬಿಟ್ಟ ಮೇಲೆ ಅವಳಿ ತಮ್ಮ (ಅಣ್ಣನೋ, ಅವಳಿಗಳಲ್ಲಿ ಯಾರು ಮೊದಲು ಅಂತ ಬರೆಯಲು ಹೋಗಿಲ್ಲ) ಜಾರ್ಜೊ ಜೊತೆ ಸೇರಿ ಸಾಮಾನ್ಯ ಜನರಿಗೆ ಆರೋಗ್ಯಕ್ಕಾಗಿ ನಡೆಯುವುದನ್ನು ಕಲಿಸಿದರು. ಅದಕ್ಕೆ ‘ಫಿಟ್‌ವಾಕಿಂಗ್’ ಅಂತ ಹೆಸರಿಟ್ಟರು. ಅಂದರೆ ಒಂದೇ ಬದುಕಿನಲ್ಲಿ ಎರಡು ನಡಿಗೆ ಇವೆ. ಒಂದರಲ್ಲಿ ಜಡ್ಜ್ ಪ್ರತಿ ಹೆಜ್ಜೆ ನೋಡುತ್ತಾರೆ. ಇನ್ನೊಂದರಲ್ಲಿ ಯಾರೂ ನೋಡಲ್ಲ, ನಿಮ್ಮ ಮಂಡಿ ಹೇಗಿದ್ದರೂ ಸರಿ. ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ‘ಬಿರುನಡೆ’ಯನ್ನು ಎರಡನೆಯದಕ್ಕೆ ಇಟ್ಟುಕೊಳ್ಳುತ್ತೇನೆ, ಅದು ಅಲ್ಲೇ ಚೆನ್ನಾಗಿ ಕೂರುತ್ತದೆ. ಮೊದಲನೆಯದು ‘ನಡಿಗೆ ಪಂದ್ಯ’.

‘ವೇಗದ ನಡಿಗೆ’ ಯಾಕೆ ಬಿಟ್ಟೆ ಅಂದರೆ ಅದೂ ಇದೇ ಗೊಂದಲ ಮಾಡುತ್ತದೆ. ವೇಗ ಏನೋ ಇದೆ. ಮಾಸ್ಕೋದಲ್ಲಿ ಅವರ ಸಮಯ 1 ಗಂಟೆ 23 ನಿಮಿಷ 35.5 ಸೆಕೆಂಡು, ಲೆಕ್ಕ ಹಾಕಿದರೆ ಕಿಲೋಮೀಟರಿಗೆ 4 ನಿಮಿಷ 11 ಸೆಕೆಂಡು. 1991ರ ಟೋಕಿಯೊದಲ್ಲಿ 1 ಗಂಟೆ 19 ನಿಮಿಷ 37 ಸೆಕೆಂಡು, ಕಿಲೋಮೀಟರಿಗೆ 4 ನಿಮಿಷಕ್ಕಿಂತ ಕಡಿಮೆ. ಆಗ ಅವರಿಗೆ 34 ವರ್ಷ! ನಾನು ಓಡಿದರೂ ಹಿಡಿಯೋಕೆ ಆಗಲ್ಲ. ಆದರೆ ಈ ಆಟದ ಜೀವ ಇರುವುದು ವೇಗದಲ್ಲಿ ಅಲ್ಲ, ಕಟ್ಟುಪಾಡಿನಲ್ಲಿ.

ಈಗ ಉಳಿದದ್ದು ಲಿಫ್ಟಿಂಗ್, ಡಿಸ್‌ಕ್ವಾಲಿಫೈ, ಮತ್ತು ಆಡುವವರಿಗೆ ಏನು ಕರೆಯೋದು. ಒಬ್ಬರು ನನಗೆ ಖಾಸಗಿಯಾಗಿ ಬರೆದು ‘ಸಂಪರ್ಕ ಕಡಿತ’, ‘ಅನರ್ಹ’ ಸೂಚಿಸಿದ್ದಾರೆ. ಹೇಗೆ?

———

ಶಂ.ನಾ., ಮೈಸೂರು

‘ಸಂಪರ್ಕ ಕಡಿತ’ ಕರೆಂಟ್ ಬಿಲ್ ಕಟ್ಟದವರಿಗೆ. ಬೇಡ.

‘ಅನರ್ಹ’ ಕೇಳಿದರೆ ಜನಕ್ಕೆ ಶಾಸಕರು ನೆನಪಾಗುತ್ತಾರೆ. ಅದಕ್ಕಿಂತ ಮುಖ್ಯ, ಅರ್ಥವೂ ಸರಿಯಲ್ಲ. ಅರ್ಹತೆ ಇಲ್ಲದವರು ಅಂದರೆ ಮೊದಲಿನಿಂದಲೇ ಯೋಗ್ಯತೆ ಇಲ್ಲದವರು ಅಂತ. ಬಾಟಿಸ್ಟಾ 1976ರ ಮಾಂಟ್ರಿಯಲ್‌ನಲ್ಲಿ ಇದೇ ಪಂದ್ಯ ಗೆದ್ದವರು. ಅವರನ್ನು ‘ಅನರ್ಹ’ ಅಂದರೆ ಅನ್ಯಾಯ. ‘ಪಂದ್ಯದಿಂದ ಹೊರಹಾಕಿದರು’ ಅನ್ನಿ.

ಆಡುವವರು: ನಡಿಗೆಗಾರ.

———

ಎಚ್.ಜಿ., ಬೆಂಗಳೂರು

‘ಗಾರ’ ಸಂಸ್ಕೃತದ ‘ಕಾರ’. ಕನ್ನಡದ್ದಲ್ಲ. ‘ನಡಿಗ’ ಅನ್ನಬಹುದು. ಒಕ್ಕಲಿಗ, ಗಾಣಿಗ ಇರುವ ಹಾಗೆ.

———

ಶಂ.ನಾ., ಮೈಸೂರು

‘ಗಾರ’ ಬಿಟ್ಟರೆ ಓಟಗಾರ, ಹಾಡುಗಾರ, ಬಳೆಗಾರ, ಬೇಟೆಗಾರ ಎಲ್ಲರನ್ನೂ ಬಿಡಬೇಕು. ಬಳೆಗಾರನನ್ನು ಮನೆಯ ಹೆಂಗಸರು ಕರೆದು ಜಗುಲಿ ಮೇಲೆ ಕೂರಿಸಿ ಎಷ್ಟು ತಲೆಮಾರಾಯಿತು, ನೀವು ಈಗ ಅವನ ಜಾತಕ ಕೇಳುತ್ತಿದ್ದೀರಿ. ಸಾವಿರ ವರ್ಷ ಮನೆಯಲ್ಲಿ ಇದ್ದದ್ದು ಮನೆಯದೇ.

———

ಎಚ್.ಜಿ., ಬೆಂಗಳೂರು

ಇದೇ ಮಾತನ್ನು ಮುಂದೆ ‘ರೇಸ್ ವಾಕಿಂಗ್’ಗೂ ಹೇಳುತ್ತಾರೆ. ಎಲ್ಲಿ ಗೆರೆ ಎಳೆಯುತ್ತೀರಿ?

———

ಪಿ.ಆರ್., ಹಾಸನ

ಗೆರೆ ಆಮೇಲೆ ಎಳೆಯಿರಿ, ಮೇಡಂಗೆ ಶುಕ್ರವಾರ ಕಳಿಸಬೇಕು. ‘ನಡಿಗ’ ಅಂದರೆ ನನ್ನ ಮಕ್ಕಳಿಗೆ ಏನೂ ತಿಳಿಯಲ್ಲ. ‘ನಡಿಗೆಗಾರ’ ಅಂದರೆ ಓಟಗಾರನ ಪಕ್ಕ ತಾನಾಗೇ ಕೂರುತ್ತದೆ. ಹುಡುಗಿಗೆ ‘ನಡಿಗೆಗಾರ್ತಿ’, ಹಾಡುಗಾರ್ತಿ ಇದ್ದ ಹಾಗೆ. ಪಾಲ್ಮಿಸಾನೊಗೂ ಆಯಿತು, 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ತಂದ ನಮ್ಮ ಪ್ರಿಯಾಂಕಾ ಗೋಸ್ವಾಮಿಗೂ ಆಯಿತು.

ಲಿಫ್ಟಿಂಗ್‌ಗೆ ‘ನೆಲ ಬಿಡುವುದು’ ಸಾಕು. ‘ನೆಲಬಿಡಿಕೆ’ ಅಂತ ಗಂಟು ಹಾಕಬೇಡಿ, ಕ್ರಿಯಾಪದವಾಗಿ ಬಿಡಿ. ‘ನೆಲ ಬಿಟ್ಟ’, ‘ನೆಲ ಬಿಡ್ತಿದೀಯ ನೋಡು’. ನಾಳೆಯಿಂದ ನಾನೇ ಮೈದಾನದಲ್ಲಿ ಹಾಗೆ ಕೂಗಿ ನೋಡುತ್ತೇನೆ. ಜಡ್ಜ್ ತೋರಿಸುವ ಹಳದಿ ಹಲಗೆ ಇದೆಯಲ್ಲ, ಟೇಬಲ್ ಟೆನಿಸ್ ಬ್ಯಾಟಿನ ಥರದ್ದು, ಅದರ ಒಂದು ಬದಿಗೆ ಅಲೆಯಂಥ ಗೆರೆ, ಇನ್ನೊಂದು ಬದಿಗೆ ಮಡಚಿದ ಕಾಲಿನಂಥ ಮೂಲೆ. ಅಲೆ ಇರುವುದು ನೆಲ ಬಿಡುವುದಕ್ಕೆ, ಮೂಲೆ ಇರುವುದು ಮೊಣಕಾಲಿಗೆ. ಎರಡನ್ನೂ ಮಕ್ಕಳಿಗೆ ಚಿತ್ರ ಬರೆದು ತೋರಿಸಿ. ಚಿತ್ರದ ಕೆಳಗೆ ಮಾತ್ರ ‘ಈಗಿನ ಹಲಗೆ’ ಅಂತ ಬರೆಯಿರಿ. ಹಲಗೆ ಬರೀ ಎಚ್ಚರಿಕೆ ಅನ್ನೋದನ್ನೂ ಸೇರಿಸಿ. ಹೊರಹಾಕುವುದು ಕೆಂಪು ಕಾರ್ಡಿನ ಲೆಕ್ಕ, ಬೇರೆ ಬೇರೆ ಮೂವರು ಜಡ್ಜ್‌ಗಳಿಂದ ಮೂರು ಬಂದರೆ; ಈಗ ದೊಡ್ಡ ಕೂಟಗಳಲ್ಲಿ ಮೂರು ಬಂದರೆ ಸ್ವಲ್ಪ ಹೊತ್ತು ನಿಲ್ಲಿಸುತ್ತಾರೆ, ನಾಲ್ಕನೆಯದು ಬಂದರೆ ಹೊರಗೆ.

ಇನ್ನೊಂದು, ಜಾಗ ಇದ್ದರೆ ಸೇರಿಸಿ. ದಮಿಲಾನೊಗೆ ಕೋಚ್ ಆಗಿದ್ದವರು ಅವರ ಅಣ್ಣ ಸಾಂದ್ರೊ. ಅದೇ ಸಾಂದ್ರೊ ಆಮೇಲೆ ಚೀನಾದವರಿಗೆ ಕಲಿಸಿದರು. 2012ರ ಲಂಡನ್‌ನಲ್ಲಿ 20 ಕಿ.ಮೀ. ಗೆದ್ದ ಚೆನ್ ಡಿಂಗ್ ಅವರ ಶಿಷ್ಯ. ಅದೇ ಪಂದ್ಯದಲ್ಲಿ ಕೇರಳದ ಕೆ.ಟಿ. ಇರ್ಫಾನ್ ಹತ್ತನೆಯವರಾಗಿ ಬಂದರು. ಆವತ್ತು ಟಿವಿ ಮುಂದೆ ಕೂತು ನಾನು ಅತ್ತಿದ್ದೇನೆ.

———

ಎಂ.ಕೆ., ಶಿವಮೊಗ್ಗ

ಕಳಿಸುವ ಮುಂಚೆ ಮಾಸ್ಕೋ ಭಾಗ ಇಲ್ಲಿ ಹಾಕುತ್ತಿದ್ದೇನೆ. ತಪ್ಪಿದ್ದರೆ ಇವತ್ತು ರಾತ್ರಿಯೊಳಗೆ ಹೇಳಿ.

‘ನಡಿಗೆ ಪಂದ್ಯದಲ್ಲಿ ಎಷ್ಟು ಬೇಗ ಬೇಕಾದರೂ ನಡೆಯಬಹುದು, ಆದರೆ ಓಡುವ ಹಾಗಿಲ್ಲ. ಯಾವಾಗಲೂ ಒಂದು ಕಾಲು ನೆಲದ ಮೇಲಿರಬೇಕು. ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟರೆ ತಪ್ಪು. ಮೈ ಭಾರ ಕಾಲಿನ ಮೇಲೆ ಬರುವಾಗ ಮೊಣಕಾಲು ಮಡಚಿದ್ದರೂ ತಪ್ಪು. ದಾರಿಯುದ್ದಕ್ಕೂ ಜಡ್ಜ್‌ಗಳು ನಿಂತು ಕಾಲುಗಳನ್ನೇ ನೋಡುತ್ತಿರುತ್ತಾರೆ.

1980ರ ಜುಲೈ 24. ಮಾಸ್ಕೋ. ಪಂದ್ಯ ಮುಗಿಯಲು ಸ್ವಲ್ಪ ದೂರ ಉಳಿದಿದೆ. ಬಾಟಿಸ್ಟಾರನ್ನು ಹೊರಹಾಕಿದರು. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಸೊಲೊಮಿನ್‌ರನ್ನೂ ಹೊರಹಾಕಿದರು. ಈಗ ಮುಂದಿದ್ದವರು ಸ್ಕಾರ್ನಾಫಿಜಿ ಅನ್ನುವ ಚಿಕ್ಕ ಊರಲ್ಲಿ ಹುಟ್ಟಿದ 23 ವರ್ಷದ ನಡಿಗೆಗಾರ ಮೌರಿಟ್ಸಿಯೊ ದಮಿಲಾನೊ. ಅದೇ ಪಂದ್ಯದಲ್ಲಿ ಹಿಂದೆ ನಡೆದು ಬರುತ್ತಿದ್ದ ಅವರ ಅವಳಿ ಜಾರ್ಜೊ ಹನ್ನೊಂದನೆಯವರಾದರು. ಆ ವರ್ಷ ಬಹಿಷ್ಕಾರದ ಗಲಾಟೆಯಲ್ಲಿ ಇಟಲಿಯವರು ತಮ್ಮ ಬಾವುಟ ಬಿಟ್ಟು ಒಲಿಂಪಿಕ್ ಬಾವುಟದ ಕೆಳಗೆ ಆಡಿದ್ದರು. ಹಾಗಾಗಿ ಚಿನ್ನದ ಪದಕ ಹಾಕಿಸಿಕೊಂಡು ನಿಂತ ದಮಿಲಾನೊಗೆ ಮೇಲೆ ಕಂಡಿದ್ದು ಐದು ಬಳೆಗಳ ಬಿಳಿ ಬಾವುಟ.’

‘ಐದು ಬಳೆ’ ನನ್ನದೇ. ‘ಉಂಗುರ’ ಅಂತ ಎಲ್ಲರೂ ಬರೆಯುತ್ತಾರೆ, ಶಂ.ನಾ. ಸರ್ ಅವರ ಬಳೆಗಾರ ನೆನಪಾಗಿ ಬದಲಾಯಿಸಿದೆ. ‘ಜಡ್ಜ್’ ಹಾಗೇ ಬಿಟ್ಟಿದ್ದೇನೆ. ‘ತೀರ್ಪುಗಾರ’ ಹಾಕಿದರೆ ಕ್ರಿಕೆಟ್ ಅಂಪೈರ್ ಕಣ್ಣ ಮುಂದೆ ಬರುತ್ತಾನೆ.

———

ಸ.ಪಾ., ಧಾರವಾಡ

ಚೆನ್ನಾಗಿದೆ. ‘ಬಳೆ’ ಬೇಡ, ‘ಉಂಗುರ’ವೇ ಇರಲಿ. ಮಕ್ಕಳು ಈಗಾಗಲೇ ಕಲಿತ ಪದ ಅದು. ‘ಗಲಾಟೆಯಲ್ಲಿ’ ಬದಲು ‘ಬಹಿಷ್ಕಾರದ ಕಾರಣ’ ಅನ್ನಿ. ಹಾಗೇ ಬಹಿಷ್ಕಾರ ಯಾತಕ್ಕೆ ಅಂತ ಒಂದು ಸಾಲು ಬೇಕು. ಸೋವಿಯತ್ ಸೇನೆ ಅಫ್ಘಾನಿಸ್ತಾನಕ್ಕೆ ಹೋದದ್ದಕ್ಕೆ ಅಮೆರಿಕ ಮೊದಲಾದ ದೇಶಗಳು ಬರಲಿಲ್ಲ ಅಂತ. ಇಲ್ಲದಿದ್ದರೆ ಮಗು ಬಾವುಟದ ಹತ್ತಿರ ನಿಂತುಬಿಡುತ್ತದೆ.

———

ಎಚ್.ಜಿ., ಬೆಂಗಳೂರು

‘ಗಾರ’ಕ್ಕೆ ನನ್ನ ಒಪ್ಪಿಗೆ ಇಲ್ಲ, ಬರೆದಿಟ್ಟುಕೊಳ್ಳಿ. ‘ನೆಲ ಬಿಟ್ಟರೆ ತಪ್ಪು’ ಬಹಳ ಚೆನ್ನಾಗಿದೆ.

———

ಎಂ.ಕೆ., ಶಿವಮೊಗ್ಗ

ಉಂಗುರ ಹಾಕಿದೆ. ಅಫ್ಘಾನಿಸ್ತಾನದ ಸಾಲು ಸೇರಿಸಿದೆ. ಚೆನ್ ಡಿಂಗ್, ಇರ್ಫಾನ್ ಇಬ್ಬರಿಗೂ ಕೊನೆಯಲ್ಲಿ ಜಾಗ ಸಿಕ್ಕಿತು. ಈಗಷ್ಟೇ ಕಳಿಸಿದೆ. ಪಿ.ಆರ್. ಸರ್, ಆ ಬರಿಗಾಲ ಹುಡುಗಿ ಆಮೇಲೆ ಏನಾದಳು?